ಗೇಟ್ ಪಾಸ್ ನಿಂತ ಮೇಲೆ: ಕೆಲಸದಿಂದ ತೆಗೆದರೆ ಯಾವ ಕಚೇರಿ, ಯಾವ ಕಾನೂನು, ಯಾರ ನೆರವು?

ನಮ್ಮ ಕಡೆ ಕೆಲಸದಿಂದ ತೆಗೆಯುವ ಆದೇಶ ಕಾಗದದ ಮೇಲೆ ಬರುವುದು ಅಪರೂಪ. ಉಕ್ಕಿನ ಕಾರ್ಖಾನೆಗೆ ಬೆಳಗಿನ ಪಾಳಿಗೆ ಹೋದ ಗುತ್ತಿಗೆ ವೆಲ್ಡರ್‌ನ ಗೇಟ್ ಪಾಸನ್ನು ಯಂತ್ರ ಒಪ್ಪುವುದಿಲ್ಲ. ಅಕ್ಕಿ ಗಿರಣಿಯ ಆಪರೇಟರ್‌ಗೆ ಮೇಸ್ತ್ರಿ ಫೋನ್ ಮಾಡಿ ‘ಸದ್ಯಕ್ಕೆ ಬರಬೇಡ, ಕರೆಯುತ್ತೇವೆ’ ಎನ್ನುತ್ತಾನೆ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹೊಲಿಯುತ್ತಿದ್ದ ಹೆಣ್ಣುಮಗಳಿಗೆ ‘ಆರ್ಡರ್ ಇಲ್ಲ’ ಎಂಬ ಎರಡೇ ಶಬ್ದ. ಇವರೆಲ್ಲ ಒಳ್ಳೆಯ ನಂಬಿಕೆಯಿಂದ ಒಂದೆರಡು ತಿಂಗಳು ಕಾಯುತ್ತಾರೆ. ಆಮೇಲೆ ಊರಿನ ದೊಡ್ಡವರಿಂದ ಹೇಳಿಸಿ ನೋಡುತ್ತಾರೆ. ಅದೂ ಫಲಿಸದಿದ್ದಾಗ ವಕೀಲರನ್ನು ಹುಡುಕುತ್ತಾರೆ. ಅಷ್ಟು ಹೊತ್ತಿಗೆ ಮಾಲೀಕರ ಕಡತದಲ್ಲಿ ಬೇರೆಯೇ ಕಥೆ ಸಿದ್ಧವಾಗಿರುತ್ತದೆ: ‘ಈತನನ್ನು ನಾವು ತೆಗೆದಿಲ್ಲ, ತಾನಾಗಿಯೇ ಕೆಲಸ ಬಿಟ್ಟು ಹೋದ.’

ಇಂಥ ಪ್ರಕರಣಗಳಲ್ಲಿ ಹೆಚ್ಚಿನವು ನ್ಯಾಯಾಲಯ ತಲುಪುವ ಮೊದಲೇ, ಕೆಲಸ ಹೋದ ಮೊದಲ ಕೆಲವು ವಾರಗಳಲ್ಲೇ ಅರ್ಧ ತೀರ್ಮಾನವಾಗಿಬಿಡುತ್ತವೆ ಎಂಬುದು ನನ್ನ ಅಭಿಪ್ರಾಯ. ಆ ವಾರಗಳಲ್ಲಿ ಕೈಯಲ್ಲಿ ಯಾವ ಕಾಗದ ಉಳಿಯಿತು, ದೂರು ಯಾವ ಕಚೇರಿಗೆ ಹೋಯಿತು ಎಂಬ ಎರಡು ಸಂಗತಿಗಳು ಮುಂದಿನ ವರ್ಷಗಳ ಹಣೆಬರಹ ಬರೆಯುತ್ತವೆ. ಒಳ್ಳೆಯ ವಕೀಲರು ಆಮೇಲೆ ಬಂದರೂ ಕಳೆದುಹೋದ ದಾಖಲೆಯನ್ನು ಸೃಷ್ಟಿಸಲಾರರು.

ಆದ್ದರಿಂದ ಕಾನೂನಿಗಿಂತ ಮೊದಲು ಕಾಗದದ ಮಾತು.

‘ರಾಜೀನಾಮೆ ಬರೆದುಕೊಟ್ಟರೆ ಬಾಕಿ ಸಂಬಳ ಇವತ್ತೇ ಕೊಡುತ್ತೇವೆ’ ಎಂದು ಹೇಳಿದರೆ ಬರೆಯಬೇಡಿ. ಬಾಕಿ ಸಂಬಳ ಹೇಗಿದ್ದರೂ ನಿಮ್ಮದು. ಅದಕ್ಕೆ ರಾಜೀನಾಮೆಯ ಬೆಲೆ ತೆರಬೇಕಿಲ್ಲ. ಖಾಲಿ ಹಾಳೆಗೆ, ಓದಲು ಬಾರದ ಇಂಗ್ಲಿಷ್ ಒಕ್ಕಣೆಗೆ ಸಹಿ ಹಾಕಬೇಡಿ. ಹಣ ತೆಗೆದುಕೊಳ್ಳಲೇಬೇಕಾದ ಇಕ್ಕಟ್ಟಿದ್ದರೆ ಸಹಿಯ ಮೇಲೆ ‘ನನ್ನ ಹಕ್ಕುಗಳನ್ನು ಕಾಯ್ದಿರಿಸಿ, ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಕನ್ನಡದಲ್ಲೇ ಬರೆಯಿರಿ ಮತ್ತು ಆ ಹಾಳೆಯ ಫೋಟೊ ತೆಗೆದುಕೊಳ್ಳಿ.

ಬಾಯಿಮಾತಿನಲ್ಲಿ ತೆಗೆದಿದ್ದರೆ ಅದೇ ವಾರ ಮಾಲೀಕರಿಗೊಂದು ಪತ್ರ ಹೋಗಬೇಕು. ಅದರಲ್ಲಿ ಕಾನೂನಿನ ಕಲಮುಗಳು ಬೇಕಿಲ್ಲ. ‘ಇಷ್ಟು ವರ್ಷದಿಂದ ಇಂಥ ಕೆಲಸ ಮಾಡುತ್ತಿದ್ದೇನೆ. ಇಂಥ ದಿನಾಂಕ ಕೆಲಸಕ್ಕೆ ಬಂದಾಗ ಇಂಥವರು ಗೇಟಿನಲ್ಲಿ ತಡೆದರು. ನಾನು ಕೆಲಸ ಬಿಟ್ಟಿಲ್ಲ, ಈಗಲೂ ಮಾಡಲು ಸಿದ್ಧನಿದ್ದೇನೆ. ಕೆಲಸ ಕೊಡಿ, ಇಲ್ಲವೇ ಕಾರಣವನ್ನು ಬರಹದಲ್ಲಿ ತಿಳಿಸಿ.’ ಇಷ್ಟೇ ಸಾಕು. 2025ರಲ್ಲಿ ಅಂಚೆ ಇಲಾಖೆ ನೋಂದಾಯಿತ ಅಂಚೆಯನ್ನು ಸ್ಪೀಡ್ ಪೋಸ್ಟ್ ಜೊತೆ ವಿಲೀನಗೊಳಿಸಿದೆ. ಹಾಗಾಗಿ ಸ್ಪೀಡ್ ಪೋಸ್ಟ್‌ನಲ್ಲೇ ಕಳುಹಿಸಿ ರಸೀದಿಯನ್ನೂ, ತಲುಪಿದ ವಿವರದ ಮುದ್ರಿತ ಪ್ರತಿಯನ್ನೂ ಇಟ್ಟುಕೊಳ್ಳಿ. ಪತ್ರಕ್ಕೆ ಉತ್ತರ ಬರದೇ ಹೋಗಬಹುದು, ಅದರಿಂದ ನಷ್ಟವಿಲ್ಲ. ‘ತಾನಾಗಿಯೇ ಬಿಟ್ಟು ಹೋದ’ ಎಂಬ ವಾದಕ್ಕೆ ಈ ಒಂದು ಹಾಳೆಯಷ್ಟು ದೊಡ್ಡ ಅಡ್ಡಿ ಬೇರೆ ಇಲ್ಲ.

ನೌಕರಿ ಇತ್ತು ಎಂಬುದಕ್ಕೆ ಸಾಕ್ಷಿ ಹೊಂದಿಸುವುದು ಇನ್ನೊಂದು ಕೆಲಸ, ಮತ್ತು ಗುತ್ತಿಗೆ ಕಾರ್ಮಿಕರಿಗೆ ಅತಿ ಕಷ್ಟದ ಕೆಲಸ. ಗೇಟ್ ಪಾಸ್ ಕಿತ್ತುಕೊಳ್ಳುವ ಮೊದಲು ಅದರ ಎರಡೂ ಬದಿಯ ಫೋಟೊ, ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡ್, ಸಂಬಳ ಜಮೆಯಾದ ಬ್ಯಾಂಕ್ ಪುಸ್ತಕ, ಮೇಸ್ತ್ರಿ ಫೋನ್‌ಪೇಯಲ್ಲಿ ಹಾಕಿದ ಹಣದ ವಿವರ, ಪಾಳಿ ಹಂಚಿದ ವಾಟ್ಸಾಪ್ ಸಂದೇಶ, ಸುರಕ್ಷತಾ ತರಬೇತಿಯ ಚೀಟಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಪಿಎಫ್ ಪಾಸ್‌ಬುಕ್ಕಿನಲ್ಲಿ ಯಾವ ತಿಂಗಳು ಯಾವ ಗುತ್ತಿಗೆದಾರ ಹಣ ಕಟ್ಟಿದ ಎಂಬುದು ಕಾಣುತ್ತದೆ. ಗುತ್ತಿಗೆದಾರರು ಬದಲಾಗುತ್ತಾ ಹೋದರೂ ಕಾರ್ಮಿಕ ಅದೇ ಯಂತ್ರದ ಮುಂದೆ ನಿಂತಿದ್ದ ಎಂದು ತೋರಿಸಲು ಇದು ಬಹಳ ಉಪಯುಕ್ತ.

ಸಾಕ್ಷ್ಯದ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ತಿಳಿದಿರುವುದು ಒಳ್ಳೆಯದು. ಎರಡೂ ಕರ್ನಾಟಕದಿಂದಲೇ ಹೋದ ಪ್ರಕರಣಗಳು. 2002ರ ಹಡಿಮನಿ ಪ್ರಕರಣದಲ್ಲಿ, ಪರಿಹಾರದ ಹಕ್ಕಿಗೆ ಬೇಕಾದಂತೆ ವರ್ಷಕ್ಕೆ 240 ದಿನ ದುಡಿದಿದ್ದೇನೆ ಎಂದು ಸಾಬೀತುಪಡಿಸುವ ಹೊಣೆ ಕಾರ್ಮಿಕನದೇ, ಬರೀ ಪ್ರಮಾಣಪತ್ರ (ಅಫಿಡವಿಟ್) ಸಾಲದು ಎಂದು ನ್ಯಾಯಾಲಯ ಹೇಳಿತು. ದಿನಗೂಲಿಯವರಿಗೆ ಇದು ದೊಡ್ಡ ಪೆಟ್ಟು. 2005ರ ಯಲ್ಲಟ್ಟಿ ಪ್ರಕರಣದಲ್ಲಿ ಮೂಲ ತತ್ವವನ್ನು ಹಾಗೇ ಉಳಿಸಿಕೊಂಡು ಒಂದು ದಾರಿ ತೆರೆಯಿತು: ಕಾರ್ಮಿಕ ಸಾಕ್ಷಿಕಟ್ಟೆ ಹತ್ತಿ ಹೇಳಿಕೆ ಕೊಟ್ಟು, ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರ್ ಹಾಜರುಪಡಿಸುವಂತೆ ಮಾಲೀಕರನ್ನು ಕೇಳಬಹುದು. ಅವುಗಳನ್ನು ಬಚ್ಚಿಟ್ಟರೆ ನ್ಯಾಯಾಲಯ ಸಂದರ್ಭ ನೋಡಿ ಮಾಲೀಕರ ವಿರುದ್ಧ ಊಹೆ ಮಾಡಬಹುದು. ದಾಖಲೆ ತರಿಸುವ ಈ ಅರ್ಜಿಯನ್ನು ಹಾಕದೇ ಸೋತವರು ಕಡಿಮೆಯೇನಿಲ್ಲ. ನಿಮ್ಮ ವಕೀಲರಿಗೆ ಇದನ್ನು ನೆನಪಿಸಿದರೆ ಅವರು ಬೇಸರಪಟ್ಟುಕೊಳ್ಳಬೇಕಿಲ್ಲ.

ಗಣಿಯೋ, ಕಾರ್ಖಾನೆಯೋ?

ಬಳ್ಳಾರಿ, ರಾಯಚೂರು, ಕೊಪ್ಪಳದವರು ಎಡವುವ ಮೊದಲ ಜಾಗ ಇದು. ಕೆಲವು ಉದ್ಯಮಗಳ ವಿವಾದ ರಾಜ್ಯ ಸರ್ಕಾರದ ಕಾರ್ಮಿಕ ಇಲಾಖೆಗೆ ಸೇರುತ್ತದೆ, ಕೆಲವು ಕೇಂದ್ರಕ್ಕೆ. ತಪ್ಪು ಕಚೇರಿಗೆ ಅರ್ಜಿ ಕೊಟ್ಟರೆ ಕೆಲವು ತಿಂಗಳು ಅಲ್ಲೇ ಮಲಗಿರುತ್ತದೆ, ಆಮೇಲೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಷರಾದೊಂದಿಗೆ ಹಿಂದಿರುಗುತ್ತದೆ.

ಗಣಿ ಎಂದರೆ ಕೇಂದ್ರ. ಸಂಡೂರಿನ ಕಬ್ಬಿಣದ ಅದಿರಿನ ಗಣಿ ಖಾಸಗಿಯವರದಾಗಿರಲಿ, ದೋಣಿಮಲೈಯಂತೆ ಕೇಂದ್ರದ ಸಾರ್ವಜನಿಕ ಉದ್ಯಮದ್ದಾಗಿರಲಿ, ವಿವಾದ ಹೋಗುವುದು ಕೇಂದ್ರ ಕಾರ್ಮಿಕ ಇಲಾಖೆಯ ಅಧಿಕಾರಿಗಳ ಮುಂದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ರಾಜ್ಯ ಸರ್ಕಾರದ ಕಂಪನಿ. ಹಾಗಾಗಿ ರಾಜ್ಯದ ಕಚೇರಿಗೇ ಹೋಗಬೇಕೆಂದು ಅನ್ನಿಸುವುದು ಸಹಜ. ಆದರೆ ಕಾನೂನು ನೋಡುವುದು ಒಡೆತನವನ್ನು ಮಾತ್ರವಲ್ಲ, ಉದ್ಯಮ ಯಾವುದೆಂಬುದನ್ನೂ ನೋಡುತ್ತದೆ. ಗಣಿ ಎಂದಾದ ಮೇಲೆ ಅದೂ ಕೇಂದ್ರದ ವ್ಯಾಪ್ತಿಯೇ. ರೈಲ್ವೆ, ಬ್ಯಾಂಕುಗಳೂ ಹಾಗೆಯೇ. ಅಲ್ಲಿ ರಾಜಿ ಆಗದಿದ್ದರೆ ಪ್ರಕರಣ ಬೆಂಗಳೂರಿನಲ್ಲಿರುವ ಕೇಂದ್ರ ಸರ್ಕಾರದ ಕೈಗಾರಿಕಾ ನ್ಯಾಯಮಂಡಳಿಗೆ ಹೋಗುತ್ತದೆ.

ಖಾಸಗಿ ಉಕ್ಕು ಕಾರ್ಖಾನೆ, ಕೊಪ್ಪಳದ ಸುತ್ತಲಿನ ಸ್ಪಾಂಜ್ ಐರನ್ ಘಟಕ, ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿ, ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್, ಬಳ್ಳಾರಿಯ ಸಿದ್ಧ ಉಡುಪು ಘಟಕ, ಇವೆಲ್ಲ ರಾಜ್ಯದ ವ್ಯಾಪ್ತಿ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ ರಾಜ್ಯದ ನಿಗಮಕ್ಕೆ ಸೇರಿದ್ದು, ಅದೂ ಇಲ್ಲಿಗೇ. ಇವರಿಗೆ ಮೊದಲ ಮೆಟ್ಟಿಲು ತಮ್ಮ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿ.

ಕಾನೂನಿನ ಕಣ್ಣಲ್ಲಿ ‘ಕಾರ್ಮಿಕ’ ಯಾರು ಎಂಬುದು ಮುಂದಿನ ಪ್ರಶ್ನೆ. ದೈಹಿಕ, ತಾಂತ್ರಿಕ, ಗುಮಾಸ್ತಿಕೆ, ಯಂತ್ರ ನಡೆಸುವ ಕೆಲಸ ಮಾಡುವವರೆಲ್ಲ ಸಂಬಳ ಎಷ್ಟೇ ಇರಲಿ ಕಾರ್ಮಿಕರು. ವ್ಯವಸ್ಥಾಪಕರು, ಆಡಳಿತದ ಹೊಣೆ ಹೊತ್ತವರು ಅಲ್ಲ. ಮೇಲ್ವಿಚಾರಣೆಯ ಕೆಲಸದವರಿಗೆ ಮಾತ್ರ ಸಂಬಳದ ಮಿತಿಯಿದೆ: 1947ರ ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ತಿಂಗಳಿಗೆ 10,000 ರೂಪಾಯಿ, 2025ರಲ್ಲಿ ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲಿ 18,000 ರೂಪಾಯಿ. ಇಲ್ಲಿ ಒಂದು ಚಮತ್ಕಾರ ನಡೆಯುತ್ತದೆ. ದಿನವಿಡೀ ತಾನೇ ಸ್ಪ್ಯಾನರ್ ಹಿಡಿದು ದುಡಿಯುವವನ ಗುರುತಿನ ಚೀಟಿಯಲ್ಲಿ ‘ಸೂಪರ್‌ವೈಸರ್’ ಎಂದೋ, ‘ಅಸಿಸ್ಟೆಂಟ್ ಮ್ಯಾನೇಜರ್’ ಎಂದೋ ಅಚ್ಚಾಗಿರುತ್ತದೆ. ಹುದ್ದೆಯ ಹೆಸರಿಗೆ ನ್ಯಾಯಾಲಯ ಮರುಳಾಗುವುದಿಲ್ಲ. ಆತ ನಿಜಕ್ಕೂ ಮಾಡುತ್ತಿದ್ದ ಮುಖ್ಯ ಕೆಲಸ ಯಾವುದು, ಯಾರಿಗಾದರೂ ರಜೆ ಮಂಜೂರು ಮಾಡುವ, ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ಅವನಿಗಿತ್ತೇ ಎಂದು ಕೇಳುತ್ತದೆ.

ನಿಜವಾಗಿಯೂ ವ್ಯವಸ್ಥಾಪಕರಾಗಿದ್ದವರಿಗೆ ಈ ಬಾಗಿಲು ಮುಚ್ಚಿದೆ. ಅವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಆದರೆ ಖಾಸಗಿ ಸಂಸ್ಥೆಯ ನೌಕರಿಯನ್ನೇ ಮರಳಿ ಕೊಡಿಸುವುದು ಸಾಮಾನ್ಯವಾಗಿ ಅದರ ಕೈಯಲ್ಲಿಲ್ಲ. ನೇಮಕಾತಿ ಪತ್ರದಲ್ಲಿ ಬರೆದಿರುವ ನೋಟಿಸ್ ಅವಧಿಯ ಸಂಬಳ ಮತ್ತು ಬಾಕಿಯಷ್ಟೇ ಹೆಚ್ಚಾಗಿ ಸಿಗುತ್ತದೆ.

ಅಂಗಡಿ, ಹೋಟೆಲ್, ಕಚೇರಿಗಳಲ್ಲಿ ದುಡಿಯುವವರಿಗೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ ಇದೆ. ಆರು ತಿಂಗಳು ಸೇವೆ ಪೂರೈಸಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯುವಂತಿಲ್ಲ. ತೆಗೆದರೆ ಮೇಲ್ಮನವಿಗೆ ಅವಕಾಶವಿದೆ. ಖಾಸಗಿ ಶಾಲಾ ಶಿಕ್ಷಕರ ದಾರಿ ಪೂರ್ತಿ ಬೇರೆ. ಶಿಕ್ಷಕರು ಕೈಗಾರಿಕಾ ಕಾನೂನಿನ ‘ಕಾರ್ಮಿಕ’ರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಅವರು ಕರ್ನಾಟಕ ಶಿಕ್ಷಣ ಕಾಯ್ದೆಯ 94ನೇ ಕಲಂ ಪ್ರಕಾರ ವಜಾ ಆದೇಶ ತಲುಪಿದ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಕಾರ್ಮಿಕ ಕಚೇರಿಗೆ ಅಲೆಯುತ್ತಾ ಆ ಮೂರು ತಿಂಗಳನ್ನು ಕಳೆದುಕೊಳ್ಳುವುದು ದುಬಾರಿಯಾದೀತು.

ತೆಗೆದದ್ದು ತಪ್ಪು ಎನ್ನುವುದು ಯಾವಾಗ?

ಮಾಲೀಕರಿಗೆ ಯಾರನ್ನೂ ತೆಗೆಯುವ ಹಕ್ಕೇ ಇಲ್ಲ ಎಂಬ ಭಾವನೆ ಕಾರ್ಮಿಕರಲ್ಲಿದೆ, ಯಾರನ್ನು ಬೇಕಾದರೂ ತೆಗೆಯಬಹುದೆಂಬ ಭಾವನೆ ಮಾಲೀಕರಲ್ಲಿದೆ. ಕಾನೂನು ಎರಡನ್ನೂ ಒಪ್ಪುವುದಿಲ್ಲ. ತೆಗೆಯಬಹುದು, ಆದರೆ ವಿಧಾನ ಪಾಲಿಸಬೇಕು. ಆ ವಿಧಾನ ಕಾರಣಕ್ಕೆ ತಕ್ಕಂತೆ ಬದಲಾಗುತ್ತದೆ.

ದುರ್ನಡತೆಯ ಆರೋಪವಿದ್ದರೆ ಆರೋಪಪಟ್ಟಿ ಕೊಡಬೇಕು, ಉತ್ತರಕ್ಕೆ ಕಾಲಾವಕಾಶ ಕೊಡಬೇಕು, ಆಂತರಿಕ ವಿಚಾರಣೆ ನಡೆಸಬೇಕು. ವಿಚಾರಣೆಯಲ್ಲಿ ಆಡಳಿತದ ಸಾಕ್ಷಿಗಳನ್ನು ಪಾಟಿ ಸವಾಲು ಮಾಡುವ, ತನ್ನ ಸಾಕ್ಷಿಗಳನ್ನು ಕರೆತರುವ ಅವಕಾಶ ಕಾರ್ಮಿಕನಿಗಿರಬೇಕು. ವರದಿಯ ಪ್ರತಿ ಅವನ ಕೈಗೆ ಬರಬೇಕು. ‘ಅದೆಲ್ಲ ಅವರೇ ಮಾಡಿಕೊಳ್ಳುವ ನಾಟಕ’ ಎಂದು ವಿಚಾರಣೆಗೆ ಹೋಗದೇ ಇರುವವರಿದ್ದಾರೆ. ನಾಟಕವೇ ಇರಬಹುದು, ಆದರೂ ಹೋಗಿ. ಗೈರಾದರೆ ಏಕಪಕ್ಷೀಯವಾಗಿ ಮುಗಿಸುತ್ತಾರೆ. ಹಾಜರಾದರೆ ನಿಮ್ಮ ಪ್ರತಿ ಆಕ್ಷೇಪವೂ ಅವರ ದಾಖಲೆಯಲ್ಲೇ ಉಳಿಯುತ್ತದೆ. ವಿಚಾರಣೆಗೆ ಮುನ್ನ ಅಮಾನತು ಮಾಡಿದ್ದರೆ ಜೀವನಾಧಾರ ಭತ್ಯೆ ಕೊಡಬೇಕು: ಮೊದಲ 90 ದಿನ ಸಂಬಳದ ಅರ್ಧ, ವಿಳಂಬಕ್ಕೆ ಕಾರ್ಮಿಕ ಕಾರಣನಲ್ಲದಿದ್ದರೆ ಆಮೇಲೆ ಮುಕ್ಕಾಲು ಪಾಲು. ಆರೋಪ ಸಾಬೀತಾದರೂ, ತಪ್ಪಿಗೆ ಮೀರಿದ ಶಿಕ್ಷೆ ಎಂದು ಕಂಡರೆ ವಜಾ ಆದೇಶವನ್ನು ರದ್ದುಪಡಿಸಿ ಕಡಿಮೆ ಶಿಕ್ಷೆ ವಿಧಿಸುವ ಅಧಿಕಾರ ನ್ಯಾಯಮಂಡಳಿಗಿದೆ. ಪಾಳಿಯಲ್ಲಿ ನಿದ್ದೆ ಮಾಡಿದ, ಒಂದು ವಾರ ಹೇಳದೆ ಗೈರಾದ ಎಂಬಂಥ ಪ್ರಕರಣಗಳಲ್ಲಿ ಈ ಅಧಿಕಾರ ಕೆಲಸಕ್ಕೆ ಬರುತ್ತದೆ.

ಆರೋಪವೇನೂ ಇಲ್ಲದೆ ‘ಕೆಲಸ ಇಲ್ಲ, ಜನ ಹೆಚ್ಚಾದರು’ ಎಂದು ತೆಗೆದರೆ ಅದು ಶಿಕ್ಷೆಯಲ್ಲ. ಕಾನೂನು ಅದನ್ನು ಛಾಟಣಿ (ರಿಟ್ರೆಂಚ್‌ಮೆಂಟ್) ಎಂದು ಪರಿಗಣಿಸುತ್ತದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನ ಕೊಡಲೇಬೇಕು. ಗಣಿಯ ನೆಲದಡಿ ಇಳಿಯುವವರಿಗೆ 240ರ ಬದಲು 190 ದಿನ ಸಾಕು. ಹಟ್ಟಿಯವರು ಇದನ್ನು ಗಮನಿಸಬೇಕು. ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕೆಂಬ ನಿಯಮವೂ ಇದೆ. ಹತ್ತು ವರ್ಷದ ಹಿರಿಯನನ್ನು ಕಳುಹಿಸಿ ನಿನ್ನೆ ಬಂದವನನ್ನು ಉಳಿಸಿಕೊಂಡರೆ ಕಾರಣ ದಾಖಲಿಸಬೇಕು. ದೊಡ್ಡ ಕಾರ್ಖಾನೆ, ಗಣಿಗಳಲ್ಲಿ ಛಾಟಣಿಗೆ ಮೊದಲೇ ಸರ್ಕಾರದ ಅನುಮತಿ ಬೇಕು. ಹಳೆಯ ಕಾನೂನಿನಲ್ಲಿ 100 ಕಾರ್ಮಿಕರಿದ್ದರೆ ಸಾಕಿತ್ತು, ಈಗ ಅದನ್ನು 300ಕ್ಕೆ ಏರಿಸಲಾಗಿದೆ. ಮಧ್ಯಮ ಗಾತ್ರದ ಘಟಕಗಳೇ ಹೆಚ್ಚಿರುವ ಊರುಗಳ ಕಾರ್ಮಿಕರು ಈ ಬದಲಾವಣೆಯಿಂದ ಒಂದು ರಕ್ಷಣೆ ಕಳೆದುಕೊಂಡರು ಎಂದೇ ನಾನು ತಿಳಿದಿದ್ದೇನೆ. ಪರಿಹಾರ ಕೊಡುವ ಹೊಣೆಯೇನೂ ಅದರಿಂದ ತಪ್ಪುವುದಿಲ್ಲ.

ಒಂದು ಲೆಕ್ಕ ನೋಡೋಣ. ತಿಂಗಳಿಗೆ 18,200 ರೂಪಾಯಿ ವೇತನದ ಗಿರಣಿ ಆಪರೇಟರ್ ಒಬ್ಬನಿಗೆ ಎಂಟು ವರ್ಷ ಸೇವೆಯಾಗಿದೆ ಎಂದುಕೊಳ್ಳಿ. ಛಾಟಣಿ ಪರಿಹಾರ ವರ್ಷಕ್ಕೆ ಅರ್ಧ ತಿಂಗಳಂತೆ 72,800 ರೂಪಾಯಿ. ನೋಟಿಸ್ ಕೊಡದಿದ್ದರೆ ಇನ್ನೂ 18,200. ಸೇವೆ ಮುಗಿದಾಗ ಸಿಗುವ ಗ್ರಾಚ್ಯುಟಿಯ ಲೆಕ್ಕ ಬೇರೆ: ಅಲ್ಲಿ ತಿಂಗಳಿಗೆ 26 ದಿನವೆಂದು ಹಿಡಿಯುವುದರಿಂದ ದಿನದ ವೇತನ 700, ಹದಿನೈದು ದಿನಕ್ಕೆ 10,500, ಎಂಟು ವರ್ಷಕ್ಕೆ 84,000. ಒಟ್ಟು 1,75,000 ರೂಪಾಯಿ. ಕೈಗೆ ಇಪ್ಪತ್ತು ಸಾವಿರ ಇಟ್ಟು ‘ಹಿಸಾಬು ಚುಕ್ತಾ’ ಎಂದು ಬರೆಸಿಕೊಳ್ಳುವಾಗ ಈ ಮೊತ್ತ ತಲೆಯಲ್ಲಿರಲಿ. ಹೊಸ ಸಂಹಿತೆಗಳಲ್ಲಿ ಛಾಟಣಿಯಾದವರಿಗೆ, ಅವರು ಹೊಸ ಕೆಲಸ ಕಲಿಯಲೆಂದು ಇರುವ ಮರುಕೌಶಲ ನಿಧಿಯಿಂದ ಇನ್ನೂ 15 ದಿನದ ವೇತನ 45 ದಿನದೊಳಗೆ ಖಾತೆಗೆ ಬರಬೇಕೆಂದಿದೆ.

ನಿಗದಿತ ಅವಧಿಯ ನೇಮಕಾತಿ ಮಾತ್ರ ಭಿನ್ನ. ಒಂದು ವರ್ಷಕ್ಕೆಂದು ಬರೆದುಕೊಟ್ಟ ಒಪ್ಪಂದ ಆ ವರ್ಷ ಮುಗಿದಾಗ ಕೊನೆಗೊಂಡರೆ ಅದು ಛಾಟಣಿಯಲ್ಲ. ಅಂಥವರಿಗೆ ಹೊಸ ಕಾನೂನು ಒಂದು ಸಮಾಧಾನ ಕೊಟ್ಟಿದೆ: ಐದು ವರ್ಷ ಕಾಯದೆ, ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಸಿಗುತ್ತದೆ. ಹೆರಿಗೆ ರಜೆಯಲ್ಲಿರುವ ಮಹಿಳೆಯನ್ನು ಆ ಗೈರುಹಾಜರಿಯ ಸಮಯದಲ್ಲಿ ತೆಗೆಯುವುದಂತೂ ಯಾವ ಹೆಸರಿನಲ್ಲೂ ಕಾನೂನುಬಾಹಿರ.

ಗುತ್ತಿಗೆದಾರನ ಕೈಕೆಳಗಿನವರು ಕಾರ್ಖಾನೆಯ ಕಂಪನಿಯ ಮೇಲೆ ಹೂಡಬೇಕೋ, ಗುತ್ತಿಗೆದಾರನ ಮೇಲೋ ಎಂದು ಗೊಂದಲಪಡುತ್ತಾರೆ. ಅರ್ಜಿಯಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡುವುದೇ ಜಾಣತನ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕರು ಕೊಡಬೇಕೆಂಬುದು ಸ್ಪಷ್ಟ ಕಾನೂನು. ನೌಕರಿ ಕಂಪನಿಯದ್ದೇ ಎಂದು ವಾದಿಸಬೇಕಿದ್ದರೆ ಗುತ್ತಿಗೆ ಬರೀ ಮುಖವಾಡವೆಂದು ತೋರಿಸಬೇಕು. ಕೆಲಸ ಹಂಚಿದವರು, ರಜೆ ಕೊಟ್ಟವರು, ಬೈದವರು ಯಾರು ಎಂಬುದೇ ಅಲ್ಲಿ ಮುಖ್ಯ. ಇದು ಗೆಲ್ಲಲು ಕಷ್ಟವಾದ ವಾದ. ಗುತ್ತಿಗೆ ಪದ್ಧತಿ ನಿಷೇಧವಾದ ಮಾತ್ರಕ್ಕೆ ಕಾರ್ಮಿಕರು ತಾನಾಗಿಯೇ ಕಂಪನಿಯ ನೌಕರರಾಗುವುದಿಲ್ಲ ಎಂದು 2001ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ (ಸೇಲ್) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇನ್ನಷ್ಟು ಕಷ್ಟವಾಗಿದೆ.

ದಿನಾಂಕ ತಪ್ಪಬಾರದು

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿತು. ಹಾಗಾಗಿ ನಿಮ್ಮನ್ನು ತೆಗೆದದ್ದು ಆ ದಿನಕ್ಕೆ ಮೊದಲೋ, ನಂತರವೋ ಎಂದು ಮೊದಲು ನೋಡಿಕೊಳ್ಳಬೇಕು. ಹಳೆಯ ಕಾಯ್ದೆಯಲ್ಲಿ ವಜಾಗೊಂಡ ಕಾರ್ಮಿಕ ಸಂಧಾನಾಧಿಕಾರಿಗೆ (ಎರಡೂ ಕಡೆಯವರ ನಡುವೆ ರಾಜಿ ಮಾಡಿಸುವ ಕಾರ್ಮಿಕ ಇಲಾಖೆಯ ಅಧಿಕಾರಿಗೆ) ಅರ್ಜಿ ಕೊಟ್ಟು 45 ದಿನವಾದ ಮೇಲೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು, ಒಟ್ಟು ಮಿತಿ ಮೂರು ವರ್ಷ. ಹೊಸ ಸಂಹಿತೆಯಲ್ಲಿ ವಿವಾದ ಹುಟ್ಟಿ ಎರಡು ವರ್ಷವಾದರೆ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತೆಯೇ ಇಲ್ಲ. ಸಂಧಾನ ಮುರಿದುಬಿದ್ದರೆ ಅವರ ವರದಿ ಕೈಸೇರಿದ 90 ದಿನದೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಸರ್ಕಾರ ವಿವಾದವನ್ನು ಒಪ್ಪಿಸಲಿ ಎಂದು ಕಾಯುವ ಹಳೆಯ ಕ್ರಮ ಹೋಗಿದೆ. ಅದು ಒಳ್ಳೆಯದೇ, ಆದರೆ 90 ದಿನದ ಹೊಣೆ ಈಗ ಪೂರ್ತಿ ನಿಮ್ಮ ಮೇಲೆ. ಹೊಸ ನ್ಯಾಯಮಂಡಳಿಗಳು ರಚನೆಯಾಗುವ ತನಕ ಈಗಿರುವ ಕಾರ್ಮಿಕ ನ್ಯಾಯಾಲಯಗಳೇ ಕೆಲಸ ನಡೆಸುತ್ತವೆ.

ಸಂಧಾನಕ್ಕೆ ಶುಲ್ಕವಿಲ್ಲ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದ ಅರ್ಜಿ ಸಾಕು. ಅರ್ಜಿಯ ನಕಲಿನ ಮೇಲೆ ಕಚೇರಿಯ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಹೊರಬರಬೇಡಿ. ಅಧಿಕಾರಿ ಎರಡೂ ಕಡೆಯವರನ್ನು ಕರೆಸುತ್ತಾರೆ. ಆದೇಶ ಕೊಡುವ ಅಧಿಕಾರ ಅವರಿಗಿಲ್ಲ, ರಾಜಿ ಮಾಡಿಸುವುದಷ್ಟೇ. ಆದರೂ ಗೇಟಿನಲ್ಲಿ ಮುಖ ಕೊಟ್ಟು ಮಾತನಾಡದ ಆಡಳಿತ ಅಲ್ಲಿ ಬಂದು ಲಿಖಿತ ಹೇಳಿಕೆ ಕೊಡಬೇಕಾಗುತ್ತದೆ. ಆ ಹೇಳಿಕೆ ಮುಂದೆ ನಿಮಗೇ ಸಾಕ್ಷಿಯಾಗಬಹುದು.

ವಕೀಲರು, ಸಂಘ, ಉಚಿತ ನೆರವು

ಸಂಧಾನದ ಹಂತದಲ್ಲಿ ಯಾವ ಕಡೆಗೂ ವಕೀಲರು ಹಾಜರಾಗುವಂತಿಲ್ಲ. ನ್ಯಾಯಮಂಡಳಿಯಲ್ಲೂ ಎದುರು ಪಕ್ಷದ ಒಪ್ಪಿಗೆ ಮತ್ತು ಮಂಡಳಿಯ ಅನುಮತಿ ಇದ್ದರೆ ಮಾತ್ರ. ರೂಢಿಯಲ್ಲಿ ಇಬ್ಬರೂ ವಕೀಲರನ್ನು ಇಟ್ಟುಕೊಂಡು ಇಬ್ಬರೂ ಸುಮ್ಮನಿರುತ್ತಾರೆ. ಕಾರ್ಮಿಕ ಸಂಘದ ಪದಾಧಿಕಾರಿಗೆ ಈ ಅಡ್ಡಿಯಿಲ್ಲ. ಯಾರ ಒಪ್ಪಿಗೆಯೂ ಬೇಡದೆ ನಿಮ್ಮ ಪರ ನಿಂತು ವಾದಿಸಬಹುದು. ಎಐಟಿಯುಸಿ, ಸಿಐಟಿಯು, ಐಎನ್‌ಟಿಯುಸಿಯಂಥ ಸಂಘಟನೆಗಳಲ್ಲಿ ವರ್ಷಗಟ್ಟಲೆ ಇದನ್ನೇ ಮಾಡಿದವರಿರುತ್ತಾರೆ. ಕಾರ್ಮಿಕ ಪ್ರಕರಣ ನಡೆಸಿ ಅಭ್ಯಾಸವಿಲ್ಲದ, ಆಸ್ತಿ ವ್ಯಾಜ್ಯದಲ್ಲೇ ಪಳಗಿದ ವಕೀಲರಿಗಿಂತ ಇಂಥ ಹಳೆಯ ಸಂಘದ ಮನುಷ್ಯ ಮೇಲು ಎನ್ನುತ್ತೇನೆ. ವಕೀಲ ಮಿತ್ರರು ಕ್ಷಮಿಸಬೇಕು.

ಹೆಚ್ಚಿನವರಿಗೆ ಗೊತ್ತೇ ಇಲ್ಲದ ಸಂಗತಿ ಇದು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಉಚಿತ ಕಾನೂನು ನೆರವಿಗೆ ಅರ್ಹರಾದವರ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕರನ್ನು ಹೆಸರಿಸಿಯೇ ಸೇರಿಸಿದೆ. ಆದಾಯದ ಮಿತಿ ಅವರಿಗೆ ಅನ್ವಯಿಸುವುದಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೂ ಆದಾಯ ಕೇಳುವಂತಿಲ್ಲ. ಅಂದರೆ ಜೀನ್ಸ್ ಘಟಕದ ಆ ಹೆಣ್ಣುಮಗಳು ಎರಡೆರಡು ಕಾರಣಕ್ಕೆ ಅರ್ಹಳು. ಬಳ್ಳಾರಿ, ರಾಯಚೂರು, ಕೊಪ್ಪಳದ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ತಾಲ್ಲೂಕು ನ್ಯಾಯಾಲಯಗಳಲ್ಲಿ ತಾಲ್ಲೂಕು ಸಮಿತಿಗಳಿವೆ. ಗುರುತಿನ ಚೀಟಿ, ಕೆಲಸದ ದಾಖಲೆಗಳೊಂದಿಗೆ ಹೋದರೆ ಅರ್ಜಿ ತೆಗೆದುಕೊಳ್ಳುತ್ತಾರೆ. ವಕೀಲರ ಶುಲ್ಕವಷ್ಟೇ ಅಲ್ಲ, ನ್ಯಾಯಾಲಯದ ಶುಲ್ಕ, ಪ್ರತಿಗಳ ಖರ್ಚನ್ನೂ ಪ್ರಾಧಿಕಾರವೇ ಭರಿಸುತ್ತದೆ. ರಾಷ್ಟ್ರೀಯ ಸಹಾಯವಾಣಿ 15100. ನೇಮಕವಾದ ವಕೀಲರು ಹಣ ಕೇಳಿದರೆ ಅದೇ ಪ್ರಾಧಿಕಾರದ ಕಾರ್ಯದರ್ಶಿಗೆ ಲಿಖಿತವಾಗಿ ತಿಳಿಸಬಹುದು. ಆ ಕಾರ್ಯದರ್ಶಿ ಒಬ್ಬ ನ್ಯಾಯಾಧೀಶರೇ ಆಗಿರುತ್ತಾರೆ.

ಗೆದ್ದರೆ ಏನು ಸಿಗುತ್ತದೆ?

2013ರ ದೀಪಾಲಿ ಗುಂಡು ಸುರ್ವಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಕ್ರಮವಾಗಿ ತೆಗೆದಿದ್ದರೆ ಸೇವಾ ಸಾತತ್ಯ ಮತ್ತು ಹಿಂಬಾಕಿ ವೇತನದೊಂದಿಗೆ ಮರಳಿ ಕೆಲಸ ಕೊಡುವುದೇ ಸಾಮಾನ್ಯ ನಿಯಮ ಎಂದಿತು. ಅದಕ್ಕೆ ಕಾರ್ಮಿಕ ತಾನು ಬೇರೆಡೆ ಅಷ್ಟೇ ಸಂಪಾದನೆಯ ಕೆಲಸದಲ್ಲಿರಲಿಲ್ಲ ಎಂದು ಹೇಳಿಕೊಳ್ಳಬೇಕು. ಅರ್ಜಿಯಲ್ಲಿ ಈ ಒಂದು ವಾಕ್ಯವಿಲ್ಲದೆ ಹಿಂಬಾಕಿ ಕಳೆದುಕೊಂಡವರಿದ್ದಾರೆ. ಹೊಟ್ಟೆಪಾಡಿಗೆ ಕೂಲಿ ಮಾಡಿದ್ದರೆ ಮುಚ್ಚಿಡದೆ ಹೇಳುವುದು ಲೇಸು. ಗಳಿಸಿದ್ದನ್ನು ಕಳೆಯಬಹುದು, ಸುಳ್ಳು ಸಿಕ್ಕಿಬಿದ್ದರೆ ಎಲ್ಲವೂ ಹೋದೀತು. ದಿನಗೂಲಿಯವರನ್ನು ಛಾಟಣಿ ಪರಿಹಾರ ಕೊಡದೆ ತೆಗೆದ ಪ್ರಕರಣಗಳಲ್ಲಿ ನ್ಯಾಯಾಲಯಗಳು ಈಚಿನ ವರ್ಷಗಳಲ್ಲಿ ನೌಕರಿಯ ಬದಲು ಒಂದು ಗಂಟು ಪರಿಹಾರ ಕೊಡಿಸುವುದೇ ಹೆಚ್ಚು. ಈ ವಾಸ್ತವ ತಿಳಿದು ಸಂಧಾನದ ಮೇಜಿಗೆ ಕೂತರೆ ಒಳ್ಳೆಯದು.

ವಜಾ ಸರಿಯೋ ತಪ್ಪೋ ಎಂಬ ಮೊಕದ್ದಮೆ ಮುಗಿಯಲಿ ಎಂದು ಬಾಕಿ ಹಣಕ್ಕೆ ಕಾಯಬೇಕಿಲ್ಲ. ಕೆಲಸದಿಂದ ತೆಗೆದ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಕೊಡದಿದ್ದರೆ ಮೂರು ವರ್ಷದೊಳಗೆ ಪ್ರತ್ಯೇಕ ಕ್ಲೇಮು ಹಾಕಬಹುದು. ಕೊಟ್ಟಿದ್ದೇವೆ ಎಂದು ಸಾಬೀತುಪಡಿಸುವ ಹೊಣೆ ಅಲ್ಲಿ ಮಾಲೀಕರದು. ಗ್ರಾಚ್ಯುಟಿಗೂ ಬೇರೆ ಅರ್ಜಿ, 30 ದಿನದೊಳಗೆ ಪಾವತಿಯಾಗಬೇಕು. ವಜಾ ಆದ ಮಾತ್ರಕ್ಕೆ ಗ್ರಾಚ್ಯುಟಿ ಮುಟ್ಟುಗೋಲಾಗುವುದಿಲ್ಲ. ಹಾನಿ ಮಾಡಿದ್ದರೆ ಆ ನಷ್ಟದ ಮಟ್ಟಿಗೆ, ಇಲ್ಲವೇ ಹಿಂಸೆ, ನೈತಿಕ ಅಧಃಪತನದಂಥ ಗಂಭೀರ ಕಾರಣಕ್ಕೆ ಮಾತ್ರ ತಡೆಹಿಡಿಯಬಹುದು.

ರಾಜಿಯಾಗುವುದಾದರೆ ಅಧಿಕಾರಿಯ ಮುಂದೆಯೇ ಆಗಲಿ. ಯಾವ ಬಾಬ್ತಿಗೆ ಎಷ್ಟು ಎಂದು ಪ್ರತ್ಯೇಕವಾಗಿ ಬರೆಸಿ, ಹಣ ಬ್ಯಾಂಕ್ ಖಾತೆಗೇ ಬರಲಿ. ಪಿಎಫ್ ಮತ್ತು ಗ್ರಾಚ್ಯುಟಿ ಆ ಮೊತ್ತದಲ್ಲಿ ಸೇರಿದೆಯೋ ಇಲ್ಲವೋ ಎಂಬ ಒಂದು ಸಾಲು ಇರಲೇಬೇಕು.

ಗೆದ್ದ ಮೇಲೂ ಮಾಲೀಕರು ಹೈಕೋರ್ಟಿಗೆ ಹೋಗುವುದುಂಟು. ಬಳ್ಳಾರಿ, ಕೊಪ್ಪಳದ ಪ್ರಕರಣಗಳು ಧಾರವಾಡ ಪೀಠಕ್ಕೆ, ರಾಯಚೂರಿನವು ಕಲಬುರಗಿ ಪೀಠಕ್ಕೆ. ಮರುನೇಮಕದ ತೀರ್ಪನ್ನು ಅಲ್ಲಿ ಪ್ರಶ್ನಿಸಿದರೆ, ಪ್ರಕರಣ ಮುಗಿಯುವ ತನಕ ಕೊನೆಯದಾಗಿ ಪಡೆಯುತ್ತಿದ್ದ ಪೂರ್ತಿ ವೇತನವನ್ನು ತಿಂಗಳು ತಿಂಗಳು ಕೊಡಬೇಕೆಂದು ಕಾನೂನಿದೆ. ಕೇಳದೇ ಕೊಡುವವರಿಲ್ಲ. ಬೇರೆ ಯಾವ ಸಂಸ್ಥೆಯಲ್ಲೂ ನೌಕರಿಯಲ್ಲಿಲ್ಲ ಎಂಬ ಪ್ರಮಾಣಪತ್ರ ಲಗತ್ತಿಸಿ, ಹೈಕೋರ್ಟಿನ ನೋಟಿಸ್ ಬಂದ ಕೂಡಲೇ ಅದಕ್ಕಾಗಿ ಅರ್ಜಿ ಹಾಕಬೇಕು. ಹೈಕೋರ್ಟಿನಲ್ಲೂ ಉಚಿತ ವಕೀಲರನ್ನು ಕೊಡುವ ಕಾನೂನು ಸೇವೆಗಳ ಸಮಿತಿ ಇದೆ.